ಬಿಲ್ ಬೇಡ ಎಂದವನು

ಮಾರ್ಚ್ ೧೨, ಮಂಗಳವಾರ

ನಾಚಿಕೆಯಿಂದ ನಿದ್ದೆ ಹತ್ತುತ್ತಿಲ್ಲ.

ಬೆಳಿಗ್ಗೆ ವರ್ತಕರ ಸಭೆಯಲ್ಲಿ ಮಾರಾಟ ತೆರಿಗೆಯ ಚರ್ಚೆ. ಅರ್ಥಶಾಸ್ತ್ರದ ಮೇಷ್ಟ್ರು ಎಂದು ನನ್ನನ್ನೂ ವೇದಿಕೆಗೆ ಹತ್ತಿಸಿದ್ದರು. ಕನ್ನಡಕದ ಅಂಗಡಿಯ ಹೆಂಗಸೊಬ್ಬರು ಎದ್ದು ನಿಂತರು. "ತೆರಿಗೆ ಸೇರಿಸಿ ಬೆಲೆ ಹೇಳಿದ್ರೆ ಗಿರಾಕಿಗಳು ಬಿಲ್ಲೇ ಬೇಡ ಅಂತಾರೆ ಸಾರ್. ಆಗಲ್ಲ ಅಂದ್ರೆ ಎದುರಿನ ಅಂಗಡಿಗೆ ಹೋಗ್ತಾರೆ. ನಮ್ಮಂಥ ಸಣ್ಣವರು ಏನ್ಮಾಡ್ಬೇಕು?"

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅಷ್ಟಕ್ಕೆಲ್ಲ ಯಾರಮ್ಮ ಅಂಗಡಿ ಬಿಟ್ಟು ಹೋಗ್ತಾರೆ?" ಎಂದೆ. ಸಭೆ ನಕ್ಕಿತು. ಆಕೆ ಕೂತುಬಿಟ್ಟರು. ಆಗ ನನಗೆ ಹೆಮ್ಮೆಯೇ ಆಗಿತ್ತು.

ಸಂಜೆ ಮಗಳಿಗೆ ಕನ್ನಡಕ ಕೊಡಿಸಲು ಪೇಟೆಯ ಒಂದು ಅಂಗಡಿಗೆ ಹೋದೆ. ಗಲ್ಲಾಪೆಟ್ಟಿಗೆಯ ಬಳಿ ಕೂತಿದ್ದ ಹಿರಿಯರು ಬೆಲೆ ಹೇಳಿದರು. "ಬಿಲ್ ಬೇಡ, ಎಷ್ಟಕ್ಕೆ ಕೊಡ್ತೀರಿ?" ಎಂದೆ. ಬಾಯಿ ತಪ್ಪಿ ಬಂದ ಮಾತಲ್ಲ, ಯಾವಾಗಲೂ ಹಾಗೇ ಕೇಳುವವನು ನಾನು. ಒಳಗೆ ಗಾಜು ಉಜ್ಜುತ್ತಿದ್ದವರು ತಲೆ ಎತ್ತಿದರು. ಬೆಳಗಿನ ಸಭೆಯ ಆ ಹೆಂಗಸೇ!

ಆಕೆ ಹಂಗಿಸಲಿಲ್ಲ. "ಬಿಲ್ ಇಲ್ದೆ ಕೊಡಲ್ಲ ಸಾರ್" ಎಂದರು, ಅಷ್ಟೇ.

ಬಿಲ್ ಹಾಕಿಸಿಕೊಂಡು, "ತಪ್ಪಾಯಿತು" ಎನ್ನಬಹುದಿತ್ತು. ಆ ಮುಖದೆದುರು ನಿಲ್ಲಲಾಗದೆ ಮಗಳ ಕೈ ಹಿಡಿದು ರಸ್ತೆ ದಾಟಿದೆ. ಎದುರಿನ ಅಂಗಡಿಯಲ್ಲಿ ಕೊಂಡೆ. ಅಲ್ಲಿ ಬಿಲ್ಲಿನ ಮಾತೇ ಬರಲಿಲ್ಲ.

ದಾರಿಯಲ್ಲಿ ಮಗಳು ಕೇಳಿದಳು, "ಅಪ್ಪಾ, ಮೊದಲಿನ ಅಂಗಡೀಲಿ ಯಾಕೆ ತಗೊಳ್ಳಲಿಲ್ಲ?"

"ಅವರ ಮಾಲು ಚೆನ್ನಾಗಿಲ್ಲ ಪುಟ್ಟಿ."

"ಹೌದಾ?" ಎಂದಳು. ನಂಬಿಬಿಟ್ಟಳು.

ನಾಳೆ ಆಕೆಯ ಹತ್ತಿರ ಹೋಗಬೇಕು. ಅದಕ್ಕೂ ಮೊದಲು ಮಗಳಿಗೆ ನಿಜ ಹೇಳಬೇಕು. ಹೇಗೆ ಶುರು ಮಾಡಲಿ? "ಪುಟ್ಟಿ, ನಿಮ್ಮಪ್ಪ ನಿನ್ನೆ ನಿನಗೆ ಸುಳ್ಳು ಹೇಳಿದ…"