ಹದಿಮೂರು ಮನೆಗಳಲ್ಲಿ ಮುಟ್ಟದೆ ಬಿಟ್ಟ ಕಾಫಿ

ವಿಶ್ವವಿದ್ಯಾಲಯದ ವೈದ್ಯಕೀಯ ಸಂಶೋಧನಾ ನೀತಿ ಸಮಿತಿಯ ಮಾನ್ಯ ಅಧ್ಯಕ್ಷರೇ,

ತಮ್ಮ ನಿಯಮಾವಳಿಯ ಹದಿನೇಳನೆಯ ಕಲಮು ಒಂಬತ್ತು ವರ್ಷಗಳ ಹಿಂದೆ ಒಬ್ಬ ಹೆಣ್ಣುಮಗಳಿಗೆ ಶಿಕ್ಷೆ ವಿಧಿಸಿತು. ಅದನ್ನು ಜಾರಿ ಮಾಡಿದ ಕೈ ನನ್ನದು. ಈ ಸಂಗತಿಯನ್ನು ಮೂರು ಅರ್ಜಿಗಳಲ್ಲಿ ನಿವೇದಿಸಿಕೊಂಡೆ. ಮೊದಲನೆಯದು ನಮೂನೆ ಸರಿಯಿಲ್ಲವೆಂದು ಹಿಂದಿರುಗಿತು. ನಾನು ನ್ಯಾಯಾಲಯದ ಎದುರು ಕುಳಿತು ಊರಿನವರ ಅರ್ಜಿ ಬರೆದು ಬದುಕಿದವನ ಮಗಳು. ಹತ್ತನೆಯ ವಯಸ್ಸಿಗೇ ಅಪ್ಪನ ಕರಡುಗಳನ್ನು ನಕಲು ಮಾಡುತ್ತಿದ್ದವಳು. ನನ್ನ ನಮೂನೆಯಲ್ಲಿ ತಪ್ಪು ಕಂಡುಹಿಡಿದ ಮೊದಲಿಗರು ತಾವು. ಅಭಿನಂದನೆಗಳು. ಈ ನಾಲ್ಕನೆಯದನ್ನು ಪತ್ರಿಕೆಗೇ ಕಳುಹಿಸುತ್ತಿದ್ದೇನೆ. ಇಲ್ಲಿ ನಮೂನೆ ಕೇಳುವವರಿಲ್ಲ.

ಆಂತಿಯೋಕಿಯಾ ಪ್ರಾಂತ್ಯದ ನಮ್ಮ ಬೆಟ್ಟಸಾಲಿನ ಕೆಲವು ಕುಟುಂಬಗಳಿಗೆ ನಲವತ್ತೈದರ ಆಸುಪಾಸಿನಲ್ಲಿ ಮಂಕು ಹಿಡಿಯುತ್ತದೆ. ಮೊದಲು ಒಲೆ ಆರಿಸುವುದು ಮರೆಯುತ್ತದೆ, ಆಮೇಲೆ ಮಕ್ಕಳ ಹೆಸರು, ಕೊನೆಗೆ ನುಂಗುವುದು. ಹೆತ್ತವರಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಂಭವ. ಆನುವಂಶಿಕ ಸಲಹೆಗಾರ್ತಿಯಾಗಿ ಆ ಮನೆಗಳಿಗೆ ಹೋಗಿ ವಂಶವೃಕ್ಷ ಬರೆದವಳು, ರಕ್ತ ಕೊಡಲು ಒಪ್ಪಿಸಿದವಳು ನಾನು. ಫಲಿತಾಂಶಗಳು ತಮ್ಮ ಕಪಾಟಿನಲ್ಲಿ, ಮುಚ್ಚಿದ ಲಕೋಟೆಗಳೊಳಗೆ ಸಂಕೇತಗಳಾಗಿ ಕುಳಿತವು. ಬೇಕಾದವರು ಬರವಣಿಗೆಯಲ್ಲಿ ಕೇಳಿದರೆ ಮಾತ್ರ ತಿಳಿಸತಕ್ಕದ್ದು. ಒಳ್ಳೆಯ ನಿಯಮ. ತಿಳಿಯದೆ ಇರುವ ಹಕ್ಕನ್ನು ನಾನೇ ತಮ್ಮ ವಿದ್ಯಾರ್ಥಿಗಳಿಗೆ ಇಪ್ಪತ್ತು ವರ್ಷ ಪಾಠ ಮಾಡಿದ್ದೇನೆ.

ಹದಿನೇಳನೆಯ ಕಲಮು ಬಂದದ್ದು ಆಮೇಲೆ: ‘ಕ್ಷೇತ್ರಕ್ಕೆ ಹೋದ ಸಿಬ್ಬಂದಿ ಸಂಶೋಧನೆಯಲ್ಲಿ ಪಾಲ್ಗೊಂಡವರಿಂದ ಆಹಾರ, ಪಾನೀಯ ಯಾವುದನ್ನೂ ಸ್ವೀಕರಿಸತಕ್ಕದ್ದಲ್ಲ.’ ಅದೇ ವಾರ ಒಂದು ಒಪ್ಪಿಗೆ ಪತ್ರಕ್ಕೆ ಸಹಿ ಪಡೆಯಲು ಹದಿಮೂರು ಮನೆಗಳಿಗೆ ಹೋದೆ. ಬೆರೆನೀಸ್ (ನಿಜವಾದ ಹೆಸರಲ್ಲ) ಎಂದಿನಂತೆ ಬೆಲ್ಲದ ಕಪ್ಪು ಕಾಫಿ ತಂದಿಟ್ಟಳು. ಆಗ ಅವಳಿಗೆ ಮೂವತ್ತೆರಡು. ಒಳಕೋಣೆಯಲ್ಲಿ ಅವಳ ತಾಯಿ ಗೋಡೆಯೊಂದಿಗೆ ಮಾತಾಡುತ್ತಿದ್ದಳು. ನಾನು ಅಂಗೈಯನ್ನು ಬಟ್ಟಲಿಗೆ ಅಡ್ಡ ಹಿಡಿದು ಬೇಡವೆಂದೆ. ಅವಳು ಆ ಕೈಯನ್ನು ನೋಡಿದಳು, ನನ್ನ ಮುಖವನ್ನು ನೋಡಿದಳು, ಸಹಿ ಹಾಕಿದಳು. ಅವಳ ಲಕೋಟೆಯಲ್ಲಿ ಏನಿದೆಯೆಂಬುದು ಅಂದು ನನಗೆ ಲವಲೇಶವೂ ಗೊತ್ತಿರಲಿಲ್ಲ.

ಕಳೆದ ವರ್ಷ ನನ್ನನ್ನು ಆ ಬೆಟ್ಟದಿಂದ ಇಳಿಸಿಕೊಂಡು ಬಂದ ಜೀಪು ಚಾಲಕ ಫರ್ನೆಲಿ, ಅವಳನ್ನು ಮದುವೆಯಾಗಬೇಕಿದ್ದವನು.

“ಡಾಕ್ಟ್ರಮ್ಮ, ಆವತ್ತು ಒಂದು ಗುಟುಕಾದ್ರೂ ಕುಡೀಬಾರ್ದಿತ್ತಾ?”

“ನಾನು ಡಾಕ್ಟರಲ್ಲ ಕಣಪ್ಪಾ. ಏನು ಕುಡೀಬೇಕಿತ್ತು?”

“ಏನು ಅಂತೀರಲ್ಲ! ಸಾವಿನ ಸುದ್ದಿ ತಂದೋರು ಆ ಮನೇಲಿ ಕಾಫಿ ಮುಟ್ಟಲ್ಲ ಅಂತ ಈ ಬೆಟ್ಟದ ಹೇಸರಗತ್ತೆಗೂ ಗೊತ್ತು. ಅವಳು ಬಟ್ಟಲು ತೊಳೆದು ಬೋರಲು ಹಾಕಿ, ‘ಫರ್ನೆಲಿ, ನೀನಿನ್ನು ಬೇರೆಯವಳನ್ನ ನೋಡ್ಕೋ’ ಅಂದ್ಲು. ನಾನೂ ನೋಡ್ಕೋತಾ ಇದೀನಿ, ಎಂಟು ವರ್ಷದಿಂದ, ಈ ಹಾಳು ಜೀಪನ್ನ!”

ಅಧ್ಯಕ್ಷರೇ, ನಾನು ಅದೇ ಬೆಟ್ಟದಲ್ಲಿ ಹುಟ್ಟಿದವಳು. ತಾತ ಗಣಿಯಲ್ಲಿ ಸತ್ತ ದಿನ ಸುದ್ದಿ ತಂದವನು ನಮ್ಮ ಅಂಗಳದಲ್ಲಿ ನಿಂತು ಹೀಗೆಯೇ ಅಂಗೈ ಅಡ್ಡ ಹಿಡಿದದ್ದನ್ನು ಕಣ್ಣಾರೆ ಕಂಡಿದ್ದೆ. ನಗರದ ನಲವತ್ತು ವರ್ಷಗಳಲ್ಲಿ ಅದು ಅಳಿಸಿಹೋಗಿತ್ತು. ಬೆರೆನೀಸಳ ಮನೆಯಲ್ಲಿ ಅಂದು ಮಂಕು ಹಿಡಿದಿದ್ದದ್ದು ಯಾರಿಗೆ? ಈಗ ಕಚೇರಿಯಲ್ಲಿ ಯಾರು ಕಾಫಿ ತಂದಿಟ್ಟರೂ ಆ ಕೈ ತಾನಾಗಿ ಮೇಲೇಳುತ್ತದೆ. ಅದು ನನ್ನದೆಂದು ನಂಬಲು ಸ್ವಲ್ಪ ಹೊತ್ತು ಬೇಕಾಗುತ್ತದೆ.

ಜೀಪನ್ನು ತಿರುಗಿಸಿಕೊಂಡು ಮತ್ತೆ ಹೋದೆ. ಬೆರೆನೀಸ್ ಕಸೂತಿ ಹಾಕುತ್ತಿದ್ದಳು. ಉಪ್ಪಿನ ಡಬ್ಬಿಗೆ ‘ಉಪ್ಪು’, ಬಚ್ಚಲ ಬಾಗಿಲಿಗೆ ‘ಬಚ್ಚಲು’, ಕನ್ನಡಿಯ ಚೌಕಟ್ಟಿಗೆ ಕೆಂಪು ದಾರದಲ್ಲಿ ‘ಇವಳು ಬೆರೆನೀಸ್’.

“ಅಮ್ಮನಿಗೆ ಮಾಡೋಕೆ ತಡವಾಯ್ತು ಅಕ್ಕ. ನನಗೆ ಕೈ ನೆಟ್ಟಗಿರುವಾಗಲೇ ಮಾಡಿಟ್ಕೋತಿದೀನಿ,” ಎಂದಳು. ಆಮೇಲೆ ನಕ್ಕು, “ಕಾಫಿ ಕೊಡಲ್ಲ, ಹೆದರಬೇಡಿ. ನಿಮ್ಮ ಸಂಕಟ ನಂಗೊತ್ತು,” ಎಂದಳು.

ಅಲ್ಲೇ ನಿಜ ಹೇಳಬಹುದಿತ್ತು. ಒಂದೇ ಒಂದು ಮಾತಿಗೆ ತಮ್ಮ ಅನುಮತಿ ಬೇಕೆಂದು ನಂಬಿ ಇಳಿದು ಬಂದು ಅರ್ಜಿ ಬರೆದೆ. ‘ಆ ದಿನ ನನಗೆ ಏನೂ ಗೊತ್ತಿರಲಿಲ್ಲ, ಕಾಫಿ ಬೇಡವೆಂದದ್ದು ಕಚೇರಿಯ ಕಲಮು’: ಇಷ್ಟೇ ಆ ಮಾತು. ಅದು ‘ಫಲಿತಾಂಶದ ಪರೋಕ್ಷ ಸುಳಿವು’ ಎಂದಿರಿ. ಆಕೆ ಬರವಣಿಗೆಯಲ್ಲಿ ಕೇಳಲಿ ಎಂದಿರಿ. ತನಗೆ ತಿಳಿದೇ ಇದೆಯೆಂದು ನಂಬಿದವಳು ಏತಕ್ಕೆ ಕೇಳುತ್ತಾಳೆ? ತಿಳಿಯದಿರುವ ಹಕ್ಕನ್ನು ಕಾಯುತ್ತಿದ್ದೇವೆಂದು ಹೇಳಿಕೊಳ್ಳುವ ತಾವು, ಸುಳ್ಳನ್ನು ತಿಳಿದಿರುವ ಹಕ್ಕನ್ನು ಯಾವ ಕಲಮಿನಡಿ ಸೇರಿಸಿದ್ದೀರಿ? ಹದಿಮೂರು ಮನೆಗಳಿಗೂ ಒಂದೇ ಅಂಗೈಯಿಂದ ಒಂದೇ ತೀರ್ಪು ಸಿಕ್ಕಿತು. ತಮ್ಮ ಕಪಾಟು ಹದಿಮೂರು ಮನೆಗಳಿಗೂ ಅದನ್ನೇ ಹೇಳುತ್ತದೆಯೇ?

ಈ ಫೆಬ್ರವರಿಯಲ್ಲಿ ಯಾವ ಸಂಕೇತ ಯಾರದೆಂದು ತಿಳಿಸುವ ಪಟ್ಟಿ ನನ್ನ ಮೇಜಿಗೆ ಬಂತು. ಈಗ ತಮಗೂ ಗೊತ್ತು, ನನಗೂ ಗೊತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ. ಅದು ಅವಳದು, ಮೊದಲು ಕೇಳಬೇಕಾದವಳು ಅವಳು.

ಆದುದರಿಂದ ಪ್ರಾರ್ಥನೆಯಲ್ಲ, ಆಗ್ರಹ: ಹದಿನೇಳನೆಯ ಕಲಮನ್ನು ರದ್ದುಪಡಿಸಿ, ಆ ಒಂದು ಮಾತನ್ನು ಹದಿಮೂರು ಮನೆಗಳಲ್ಲೂ ಹೇಳಲು ಲಿಖಿತ ಅನುಮತಿ ಕೊಡತಕ್ಕದ್ದು. ಬುಧವಾರದವರೆಗೆ ಕಾಯುತ್ತೇನೆ. ಗುರುವಾರ ಬೆಳಿಗ್ಗೆ ಫರ್ನೆಲಿಯ ಜೀಪು ಹತ್ತುತ್ತೇನೆ. ಹದಿಮೂರು ಮನೆಗಳಲ್ಲೂ ನಾನೇ ಬಾಯಿಬಿಟ್ಟು ಕಾಫಿ ಕೇಳುತ್ತೇನೆ, ಲಕೋಟೆಯಲ್ಲಿ ಏನೇ ಇರಲಿ, ಎಲ್ಲ ಕಡೆಯೂ ತಳ ಕಾಣುವವರೆಗೆ ಕುಡಿಯುತ್ತೇನೆ. ಆಮೇಲೆ ಆ ಮಾತು ಹೇಳುತ್ತೇನೆ. ಬರವಣಿಗೆಯಲ್ಲಿ ಕೇಳಬಯಸುವವರಿಗಾಗಿ ಬಿಳಿ ಹಾಳೆ, ಪೆನ್ನು ಚೀಲದಲ್ಲಿರುತ್ತವೆ. ನಮೂನೆ ನಾನೇ ಹೇಳಿಕೊಡುತ್ತೇನೆ.

ಇಂತಿ,
ಒಂಬತ್ತು ವರ್ಷ ತಡವಾಗಿ ಬಟ್ಟಲಿಗೆ ಕೈ ಚಾಚುತ್ತಿರುವ,
ಎಲ್ವಿಯಾ ಸಪಾಟಾ
(ಬುಧವಾರದವರೆಗೆ ತಮ್ಮ ಸಲಹೆಗಾರ್ತಿ)