ಸ್ಕ್ರೀನ್ ನುಂಗಿದ ನಿನ್ನ ಒಡಪು

ಅಕ್ಕಾ,

ಹೆಂಗದಿ ಅಂತ ಕೇಳಿ ಸುರು ಮಾಡೂದು ನನ್ನ ರೂಢಿ. ನೀ ಹೋದ ಮ್ಯಾಲೆ ಈಗ ಹೆಂಗ ಕೇಳಲಿ? ಆದ್ರೂ ಕೈ ಅದನ್ನ ಬರೀತೈತಿ. ಮೊನ್ನೆ ಎದಿ ಧಸಕ್ಕಂದದ್ದು ಇನ್ನೂ ಇಳದಿಲ್ಲ. ನಿನಗ ಹೇಳಿದ್ರ ಇಳದೀತು.

ನೀ ಗೋಕಾಕಕ್ಕ ಬಂದು ನನ್ನ ಕಂಪ್ಯೂಟರ್ ಬಾಜೂಕ ಖುರ್ಚಿ ಎಳಕೊಂಡು ಕೂತ ದಿನ ನೆನಪೈತೇನ? ಹೊಸ ಸೊಸಿ ಹೊಸ್ತಿಲ ದಾಟೂ ಮುಂದ ಗಂಡನ ಹೆಸರ ಸೇರಿಸಿ ಹೇಳೂ ಒಡಪುಗಳನ್ನ ಹುಕ್ಕೇರಿಯ ಎಷ್ಟು ಹುಡುಗ್ಯಾರಿಗೆ ನೀ ಕಲಿಸಿದ್ದಿ! ಹಾಳ್ಯಾಗ ಬರದ್ರ ನೋಡಿ ಓದ್ತಾರ, ಬಾಯಿಪಾಠ ಮಾಡಂಗಿಲ್ಲ ಅಂತ ಯಾರಿಗೂ ಬರಿಯಾಕ ಬಿಟ್ಟಾಕಿ ಅಲ್ಲ. ಕಂಪ್ಯೂಟರಿಗೆ ಮಾತ್ರ ಹೂಂ ಅಂದಿ. ನೀ ಹೇಳಕೋತ ಹೋದಿ, ನಾ ಎರಡ ಬೆರಳಲೆ ಬಡಕೋತ ಹೋದೆ. ಮ್ಯಾಲೆ ಹೆಣ್ಣಮಗಳ ಹೆಸರು, ಕೆಳಗ ಆಕಿ ಒಡಪು. ಕಡೀಕ ನಿಂದು ಹೇಳು ಅಂದೆ. ಭಾವಾ ಹೋದ ಮ್ಯಾಲೆ ನೀ ಅದನ್ನ ಬಾಯಿಗೆ ತಂದಿರಲಿಲ್ಲ. ತಲಿ ಮ್ಯಾಲೆ ಸೆರಗ ಹೊತ್ತು, ಕಿಡಕಿ ಕಡೆ ನೋಡಕೋತ, ಒಮ್ಮೆ ಹೇಳಿದಿ. ಒಮ್ಮೆ ಅಷ್ಟ.

ನಿನ್ನ ಮೊಮ್ಮಗಳು ಸವಿತಾಗ ಮೂಡಲಗಿಯ ಗಂಡು ಗೊತ್ತಾದಾಗ ಆಕಿ ಫೋನ್ ಮಾಡಿ, ಅಜ್ಜಿ ತನ್ನ ಮದುವ್ಯಾಗ ಹೇಳಿದ್ದ ಒಡಪು ನನಗ ಬೇಕು ಅಂದ್ಲು. ಅದೇನ ದೊಡ್ಡ ಮಾತ ಅಂತ ಫೈಲ್ ತಗದೆ. ಏನ ನೋಡ್ಲಿ ಅಕ್ಕಾ? ಅರ್ಧ ಪುಟ ಸುಣ್ಣಾ ಬಳದಂಗ ಬೆಳ್ಳಗ. ಉಳದ ಅರ್ಧದಾಗ ಒಂದು ಸಾಲಿನ ಮ್ಯಾಲೆ ಇನ್ನೊಂದು ಸಾಲು. ಮೌಸ್ ಸರಿಸಿದ್ರ ಕಲ್ಲೋಳಿ ಗಂಗವ್ವನ ಒಡಪಿನ್ಯಾಗ ಮಸಗುಪ್ಪಿ ಸಿದ್ದಪ್ಪ ಬಂದು ಕೂತಾನ! ಆಕಿ ಗಂಡ ರಾಮಪ್ಪ ಅಂಕಲಗಿ ಶಿವವ್ವನ ಪಾಲಿಗೆ ಹೋಗ್ಯಾನ. ಮಂದಿ ಸಂಸಾರ ಹಿಂಗಾದ್ರ ಹೆಂಗ? ಸ್ಕ್ರೀನ್ ಒರೆಸಿದೆ, ವಾಯರ್ ಕಿತ್ತು ಹಾಕಿದೆ, ಅಕ್ಷರದ ನಮೂನಿ ಬದಲಿಸಿದೆ. ಊಹೂಂ. ಕಡೀಕ ನಾನ ತಿದ್ದಾಕ ಕೂತೆ. ಸಿದ್ದಪ್ಪನ್ನ ಅಳಿಸಿ ರಾಮಪ್ಪನ್ನ ಇಟ್ಟೆ, ರಾಮಪ್ಪನ್ನ ಎಬ್ಬಿಸಿ ಮತ್ತೊಬ್ಬನ್ನ ಕೂಡಿಸಿದೆ. ಊಟದ ಹೊತ್ತಿನ ತನಕ ಅದ ಕೆಲಸ.

ಹುಕ್ಕೇರಿಯ ಟೈಪಿಂಗ್ ಅಂಗಡ್ಯಾಗ ಕೆಲಸಾ ಮಾಡೂ ನಿನ್ನ ಸೊಸಿ, ಸವಿತಾನ ಅವ್ವ ಸುಜಾತಾಗ ಫೋನ್ ಹಚ್ಚಿ ಹೇಳಿದ್ರ ಮೊದಲ ನಕ್ಕಳು. "ಮಾಮಾ, ಸೀಮಿ ಗಂಡಸರನ್ನೆಲ್ಲಾ ಎತ್ತಿ ಬ್ಯಾರೆ ಮನಿಯಾಗ ಇಟ್ಟೀರೇನ್ರಿ?" ಆಮ್ಯಾಲೆ ಫೈಲನ್ನ ಮಿನಿಮೈಸ್ ಮಾಡಿ ಸ್ಕ್ರೀನಿನ ಕೆಳಗ ಇಳಿಸಿ ಮತ್ತ ಎಬ್ಬಸ್ರಿ ಅಂದ್ಲು. ಎಬ್ಬಿಸಿದೆ. ಪುಟ ಸ್ವಚ್ಛ ಆಗಿ ನಿಂತಿತ್ತು. ನಾ ಮುಟ್ಟದ ಕಡೆಯೆಲ್ಲಾ ನೀ ಹೇಳಿದಂಗ, ಅವರವರ ಗಂಡ ಅವರವರ ಒಡಪಿನ್ಯಾಗ. ನಾ ತಿದ್ದಿದ್ದಷ್ಟ ಹಾಳು! ಕಣ್ಣಿಗೆ ಕಂಡದ್ದು ಒಂದು, ಒಳಗಿದ್ದದ್ದು ಇನ್ನೊಂದು. ನಾ ಅಳಿಸಿದ್ದು ಒಳಗಿಂದು. ನಿನ್ನ ಒಡಪಿನ ಜಾಗಾದಾಗ ಬರೇ ರಾಮಪ್ಪ, ಸಿದ್ದಪ್ಪ, ರಾಮಪ್ಪ. ನಿನ್ನ ಒಡಪಿನ್ಯಾಗ ಹಾಲು ಉಕ್ಕೂದು ಏನೋ ಇತ್ತು... ಮುಂದ? ಮುಂದ ಏನ ಇತ್ತ ಅಕ್ಕಾ? ಯಾರನ್ನ ಕೇಳಲಿ?

ಸುಜಾತಾನ ದನಿ ಬದಲಾತು. ಫೈಲ್ ಮುಚ್ಚಬ್ಯಾಡ್ರಿ, ಮುಚ್ಚಿದ್ರ ಹಿಂದಕ್ಕ ಹೋಗಾಕ ಬರಂಗಿಲ್ಲ ಅಂತ ಹೇಳಿ ಸಿಕ್ಕ ಬಸ್ಸು ಹತ್ತಿದ್ಲು. ಆಕಿ ಬರೂ ತನಕ ನಾ ನೋಡಿದ್ದು ತಲಿ ಮ್ಯಾಲಿನ ಫ್ಯಾನ್. ಅದು ನಿಂತ್ರ, ಕರೆಂಟ್ ಹೋದ್ರ...

ಬಾಗಲದಾಗ ಚಪ್ಪಲಿ ಬಿಟ್ಟಾಕಿನ, ನೀರೂ ಕುಡೀದ, ಕಂಟ್ರೋಲ್ ಹಿಡಿದು ಝಡ್ ಒತ್ತಾಕ ಹತ್ತಿದ್ಲು. ಒತ್ತಿದಂಗ ಒತ್ತಿದಂಗ ನಾ ಹಾಕಿದ ಹೆಸರು ಒಂದೊಂದ ಅಳಿದು ಹಳೇ ಮಾತು ಬರಾಕ ಹತ್ತಿತು. ಒಮ್ಮೆಲೆ ನಿಲ್ಲಿಸಿದ್ಲು. ಕೈ ತಗದು ತಲಿ ಕೆಳಗ ಹಾಕಿದ್ಲು. ನಾ ಖುರ್ಚಿ ಬಿಟ್ಟು ಎದ್ದೆ.

"ಹೋತೇನವಾ?"

"ಬಂದೈತ್ರಿ. ಮಾವಾರ ಹೆಸರು ಐತಿ, ನಾ ಹೆಂಗ ಓದ್ಲಿ? ನೀವ ಓದ್ರಿ."

ತನ್ನ ಮದುವ್ಯಾಗ ಒಡಪು ಗಿಡಪು ಬ್ಯಾಡಾ ಅಂತ ನಿನ್ನ ಮಗನ ಹೆಸರ ಸೀದಾ ಹೇಳಿ ಒಳಗ ಬಂದಾಕಿ ಈಕಿನ ಏನ? ನಾ ದಂಗಾದೆ. ಸ್ಕ್ರೀನ್ ನನ್ನ ಕಡೆ ತಿರುವಿದ್ಲು, ಓದಿದೆ:

ಒಲಿ ಮ್ಯಾಲೆ ಹಾಲು ಉಕ್ಕಿದ್ರ ಉರಿ ಸಣ್ಣ ಮಾಡತೇನಿ,
ಸಿಟ್ಟು ಉಕ್ಕಿದ್ರ ಕಲ್ಲಪ್ಪರಾಯರ ಹೆಸರ ಹೇಳಿ ಸುಮ್ಮನಾಗತೇನಿ.

ಆಮ್ಯಾಲೆ ಸುಜಾತಾ ರೋಗಾ ಹುಡುಕಿದ್ಲು. ಟೈಪ್ ಮಾಡೂ ಸಾಫ್ಟ್‌ವೇರ್ ಅಕ್ಷರ ಮೂಡಿಸೂ ಕೆಲಸಾನ ಚಿತ್ರ ತೋರಿಸೂ ಗ್ರಾಫಿಕ್ಸ್ ಕಾರ್ಡಿಗೆ ಒಪ್ಪಿಸಿತ್ತಂತ. ಅದು ಹಳೇ ಚಿತ್ರ ಅಳಿಸದನ ಹೊಸಾದು ಬರೀತಿತ್ತಂತ. ಸೆಟ್ಟಿಂಗಿಗೆ ಹೋಗಿ ಆ ನೆರವ ಬ್ಯಾಡಾ ಅಂತ ಬಂದ್ ಮಾಡಿದ್ಲು. ಮತ್ತ ಸಾಲು ಜಿಗಿದಿಲ್ಲ.

ಮೂಡಲಗಿ ಮದುವಿ ಚಲೋ ಆತು. ಹೊಸ್ತಿಲದಾಗ ಸವಿತಾ ಭಾವಾನ ಹೆಸರಿನ ಜಾಗಾದಾಗ ತನ್ನ ಗಂಡನ ಹೆಸರ ಹಾಕಿ, ನೋಡದನ, ತಡವರಿಸದನ ನಿನ್ನ ಒಡಪು ಹೇಳಿದ್ಲು. ಬೀಗರ ಹೆಣ್ಣಮಕ್ಕಳು ಸುಮ್ಮನ ಬಿಡ್ತಾರೇನ? ಹುಡುಗಿ ಅವ್ವಾನೂ ಹೇಳಲಿ, ಆಕಿಗೆ ಬರತೈತೋ ಇಲ್ಲೋ ನೋಡೂಣು ಅಂತ ಸುಜಾತಾಗ ಗಂಟುಬಿದ್ರು. ಆಕಿ ಎದ್ದು ಹೋಗ್ತಾಳ ಅಂತ ನಾ ತಿಳದಿದ್ದೆ. ಆಕಿ ತಲಿ ಮ್ಯಾಲೆ ಸೆರಗ ಹೊತ್ತಳು ಅಕ್ಕಾ. ಉಕ್ಕೂ ಹಾಲಿನಿಂದ ಸುರು ಮಾಡಿ, ನಿನ್ನ ಮಗನ ಹೆಸರ ಸೇರಿಸಿ ಪೂರಾ ಹೇಳಿದ್ಲು. ಒಳಗ ಎಲಿ ಹಾಸಾಕ ಹತ್ತಿದ್ದ ನಿನ್ನ ಮಗ ಎಲಿ ಹಿಡಕೊಂಡ ಬಾಗಲಕ ಬಂದು ನಿಂತಾ. ಯಾರು ಕಲಿಸಿದ್ರು ಅಂತ ಬೀಗರು ಕೇಳಿದ್ರ ಆಕಿ ಅಂದದ್ದು ಇಷ್ಟ: "ನಮ್ಮತ್ತಿ."

ನಿನ್ನ ತಮ್ಮ