ಕಂಡಕ್ಟರ್ ಹಂಪಯ್ಯನವರ ಸೈಕಲ್ ಯಾತ್ರೆ

ಯರಗೇರಾ
ಮಾರ್ಚ್ ೧೯

ಗೌತಮಣ್ಣನಿಗೆ,

ನಿನ್ನ ತಂಗಿ ವಿಶಾಖಾಳ ನಮಸ್ಕಾರ. ಈ ಸಲ ಕ್ಷೇಮ ಕೇಳಲು ಮನಸ್ಸು ಒಪ್ಪುತ್ತಿಲ್ಲ. ಫೋನಿನಲ್ಲಿ ನೀನು ನನ್ನ ಮಾತು ಮುಗಿಯಗೊಡುವುದಿಲ್ಲ. ಕಾಗದವನ್ನಾದರೂ ಕೊನೆಯವರೆಗೆ ಓದುತ್ತೀಯೆಂದು ಬರೆಯುತ್ತಿದ್ದೇನೆ.

ಹಂಪಯ್ಯನವರನ್ನು ಮಣ್ಣು ಮಾಡಿದ ದಿನ ನೀನು ನಮ್ಮ ಸೈಕಲ್ ಬಳಗದ ಹೆಸರಿನಲ್ಲಿ ದೊಡ್ಡ ಹಾರ ತಂದಿದ್ದೆ. "ಸಕ್ಕರಿ ಕಾಯಿಲೆ ಇದ್ದದ್ದು ನಮಗ ಹೇಳಿರಲಿಲ್ಲ ನೋಡ್ರಿ. ಕವಿತಾಳದಾಗ ಸಾಕು ನಿಂದರ್ರಿ ಅಂದ್ರೂ ಕೇಳಲಿಲ್ಲ" ಎಂದು ಬಂದವರಿಗೆಲ್ಲ ಹೇಳುತ್ತಿದ್ದೆ. ನಾನು ಹೆಂಗಸರ ನಡುವೆ ಕೂತು ಕೇಳಿಸಿಕೊಂಡೆ. ಮರುದಿನ ನೀನು ನನಗೂ, ಯಾರು ಕೇಳಿದರೂ ಅದನ್ನೇ ಹೇಳು ಅಂದೆ. ನಾನು ಸುಮ್ಮನಿದ್ದದ್ದನ್ನು ನೀನು ಒಪ್ಪಿಗೆ ಎಂದುಕೊಂಡೆ.

ದೇವದುರ್ಗದವರೆಗಿನ ನಮ್ಮ ಸೈಕಲ್ ಯಾತ್ರೆಗೆ ಅವರು ಯಾಕೆ ಬಂದಿದ್ದರು ಅಂತ ನೀನು ಕೇಳಲೇ ಇಲ್ಲ. ಮೊದಲ ದಿನ ಕಲ್ಲೂರಿನಲ್ಲಿ ಚಹಾ ಕುಡಿಯುವಾಗ ನನಗೆ ಹೇಳಿದರು: "ಇದ ರೋಡಿನ್ಯಾಗ ಕಂಡಕ್ಟರ್ಕಿ ಮಾಡಿ ಮುದುಕ ಆದೆ. ಟಿಕೆಟ್ ಹರಿಯೋದು, ಚಿಲ್ಲರಿ ಕೊಡೋದು. ಕಿಟಕಿ ಆಚಿ ಏನದ ಅಂತ ಒಮ್ಮೆನೂ ನೋಡಿಲ್ಲವ್ವಾ." ಮಾನ್ವಿಯವರೆಗೂ ಗದ್ದೆ, ಕಾಲುವೆ, ಕೊಕ್ಕರೆ ಎಲ್ಲವನ್ನೂ ನಿಂತು ನಿಂತು ನೋಡಿದರು. ನೀವೆಲ್ಲ ನಕ್ಕಿರಿ. ಅವರೂ ನಕ್ಕರು.

ಎರಡನೇ ದಿನದ ಬಿಸಿಲು ನಿನಗೂ ಗೊತ್ತು. ಕವಿತಾಳ ದಾಟುವಷ್ಟರಲ್ಲಿ ಎದುರುಗಾಳಿ ಎದ್ದಿತು. ಪೆಡಲ್ ತುಳಿದರೂ ನಿಂತಲ್ಲೇ ನಿಂತ ಹಾಗೆ. ನೀರು, ಔಷಧ ಇದ್ದ ಟೆಂಪೋ ಕಟ್ಟಕಡೆಯವರ ಹಿಂದೆ ಇರಬೇಕೆಂದು ನಿಯಮ ಮಾಡಿದವನು ನೀನೇ. ಅದನ್ನು ಮುಂದಕ್ಕೆ ಕರೆಸಿಕೊಂಡವನೂ ನೀನೇ, ಏಕೆಂದರೆ ಬ್ಯಾನರ್ ಅದರಲ್ಲಿತ್ತು. ದೇವದುರ್ಗದಲ್ಲಿ ಸ್ವಾಗತಕ್ಕೆ ಜನ ಕಾಯುತ್ತಿದ್ದರು. "ನೀ ಕಂಡಕ್ಟರ್ ಜೋಡಿ ನಿಧಾನಕ ಬಾ" ಎಂದು ನನಗೆ ಹೇಳಿ ನೀನು ಹೊರಟುಹೋದೆ.

ನಮ್ಮ ಬಾಟಲಿಗಳು ಬರಿದಾದವು. ಸ್ವಲ್ಪ ಹೊತ್ತಿಗೆ ಅವರಿಗೆ ಬೆವರು ಬರುವುದು ನಿಂತಿತು. ಮೈ ಮುಟ್ಟಿದರೆ ಕಾದ ಹಂಚು. ಸೈಕಲ್ಲಿನ ಮೇಲೇ, "ಯಾರ್ರಿ ಟಿಕೆಟ್, ಮುಂದ ಸರೀರಿ" ಎಂದು ಕೂಗತೊಡಗಿದರು. ತಮಾಷೆ ಮಾಡುತ್ತಿದ್ದಾರೆಂದು ನಾನು ನಕ್ಕುಬಿಟ್ಟೆ ಅಣ್ಣಾ. ಆಮೇಲೆ ಅವರು ಹ್ಯಾಂಡಲ್ ಬಿಟ್ಟು ರಸ್ತೆಯ ಪಕ್ಕಕ್ಕೆ ಉರುಳಿದರು.

ನಿನಗೆ ಫೋನ್ ಮಾಡಿದೆ. "ಟೆಂಪೋ ಕಳಸು, ಮಾತು ತೊದಲಾಕತ್ತಾರ" ಅಂದೆ. ನೀನು, "ದಣಿವು ಆಗಿರತದ, ನೆರಳಿಗೆ ಕುಂದರಸು. ಸಾಹೇಬ್ರು ಬಂದಾರ" ಅಂದು ಫೋನ್ ಇಟ್ಟೆ. ಮತ್ತೆ ಮಾಡಿದರೆ ಎತ್ತಲಿಲ್ಲ. ನೆರಳಿಗೆ ಅಲ್ಲೊಂದು ಜಾಲಿಗಿಡವೂ ಇರಲಿಲ್ಲ.

ಮೆಣಸಿನಕಾಯಿ ಬಿಡಿಸಿ ಮರಳುತ್ತಿದ್ದ ಕೂಲಿ ಹೆಂಗಸರ ಟಂಟಂ ಆಟೊ ಬಂತು. ಅವರಲ್ಲಿ ವಾಹಿದಾ ಎಂಬವಳು ಕೆಳಗೆ ಹಾರಿ, ತಮ್ಮ ಕುಡಿಯುವ ನೀರಿನ ಕೊಡವನ್ನೇ ಹಂಪಯ್ಯನವರ ಮೈಮೇಲೆ ಸುರಿದಳು. "ನೀವು ನಡದು ಬರ್ರಿ, ನಾ ಇವರ ಜೋಡಿ ಹೋಗತೀನಿ" ಎಂದು ಉಳಿದ ಹೆಂಗಸರನ್ನು ಬಿಸಿಲಿನಲ್ಲೇ ಇಳಿಸಿದಳು. ತಾನು ಹಂಪಯ್ಯನವರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ದಾರಿಯುದ್ದಕ್ಕೂ ಸೆರಗಿನಿಂದ ಗಾಳಿ ಹಾಕಿದಳು.

ದೇವದುರ್ಗದಲ್ಲಿ ನಿನ್ನ ಸ್ವಾಗತದ ಜನ ರಸ್ತೆ ತುಂಬಿದ್ದರು. ಟಂಟಂ ಸಿಕ್ಕಿಕೊಂಡಿತು. ನಾನು ಎದ್ದು ನಿಂತು ಕೂಗಿದೆ. ಧ್ವನಿವರ್ಧಕದಲ್ಲಿ ನೀನು, "ಹೊಂಟವರು ಒಬ್ರೂ ತಪ್ಪದಂಗ ಮುಟ್ಟೀವಿ" ಅನ್ನುತ್ತಿದ್ದೆ. ಆಗ ನನ್ನನ್ನು ನೋಡಿದೆ. ಕೂಗು ಕೇಳಿಸಲಿಲ್ಲ ಅನ್ನಬಹುದು, ನೋಡಲಿಲ್ಲ ಅನ್ನಬೇಡ. ನೋಡಿದೆ, ಕೊರಳ ಹಾರ ಸರಿಮಾಡಿಕೊಂಡೆ, ಮಾತು ಮುಂದುವರಿಸಿದೆ. ಜನ ಚಪ್ಪಾಳೆ ತಟ್ಟಿದರು. ವಾಹಿದಾ ಇಳಿದು ಬೈಯುತ್ತ, ಕೈಯಿಂದ ದೂಡುತ್ತ ದಾರಿ ಮಾಡಿದಳು.

ದವಾಖಾನೆಯವರು ತಮ್ಮ ಕೈಲಾದದ್ದನ್ನೆಲ್ಲ ಮಾಡಿ ರಾಯಚೂರಿಗೆ ಕಳಿಸಿದರು. ಇನ್ನಷ್ಟು ಬೇಗ ಬಂದಿದ್ದರೆ ಎಂದಷ್ಟೇ ಡಾಕ್ಟರು ಅಂದರು. ಹಂಪಯ್ಯನವರಿಗೆ ಮತ್ತೆ ಎಚ್ಚರವಾಗಲಿಲ್ಲ.

ನಿನ್ನೆ ಬೂದೆಮ್ಮನವರ ಮನೆಗೆ ಹೋಗಿದ್ದೆ. ಗಂಡನ ಸೈಕಲ್ಲನ್ನು ಒರೆಸಿ ಒಳಗೆ ಇಟ್ಟುಕೊಂಡಿದ್ದಾರೆ. ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದೆ. ಅವರು ಅಳಲಿಲ್ಲ. ಸೈಕಲ್ಲಿನ ಸೀಟಿನ ಮೇಲೆ ಕೈಯಿಟ್ಟು, "ನಮ್ಮವರಿಗೆ ಸಕ್ಕರಿ ಇರಲಿಲ್ಲವ್ವಾ. ಸಕ್ಕರಿ ಇರೋದು ನನಗ. ಮಣ್ಣಿನ ದಿನ ನಿಮ್ಮಣ್ಣ ಆ ಗೋಡಿ ಮಾಡದಾಗಿನ ಗುಳಗಿ ಯಾವುದಕ್ಕ ಅಂತ ಕೇಳಿದ, ಸಕ್ಕರಿಗಪ್ಪಾ ಅಂದೆ. ಪಾಪ, ನನ್ನ ಆರೋಗ್ಯ ವಿಚಾರಸಾಕತ್ತಾನ ಅನಕೊಂಡೆ" ಅಂದರು.

ಅಣ್ಣಾ, ಆ ಮಾತು ಕೇಳಿ ನನ್ನ ಮುಖ ಎಲ್ಲಿ ಇಡಲಿ? ಬಿಸಿಲಿನಲ್ಲಿ ನೀನು ಮಾಡಿದ್ದು ಮೆರೆಯುವ ಆಸೆಗೆ, ಅವಸರಕ್ಕೆ ಅಂತ ಹೇಗೋ ನುಂಗಬಹುದಿತ್ತು. ಸತ್ತವರ ಮನೆಯಲ್ಲಿ ಸುಳ್ಳು ಹೆಕ್ಕಿದ್ದನ್ನು ಏನೆಂದು ನುಂಗಲಿ?

ಭಾನುವಾರ ಬಳಗದ ಸಭೆಗೆ ನಾನು ಬರುತ್ತೇನೆ. ಬೂದೆಮ್ಮನವರೂ ಬರುತ್ತಾರೆ. ವಾಹಿದಾಳಿಗೂ ಹೇಳಿ ಕಳಿಸಿದ್ದೇನೆ. ನಾವು ಬಾಯಿ ತೆರೆಯುವ ಮೊದಲು ನೀನೇ ಹೇಳಿದರೆ, ಅಣ್ಣ ಎಂದು ಕರೆಯಲು ನನ್ನ ನಾಲಿಗೆ ಮತ್ತೆ ಹೊರಳೀತು. ಹೇಳುತ್ತೀಯೆಂಬ ನಂಬಿಕೆ ಮಾತ್ರ ಇಲ್ಲ.

ಒಂದೇ ಹೊಟ್ಟೆಯಲ್ಲಿ ಹುಟ್ಟಿದ,
ವಿಶಾಖಾ

ಮರೆತಿದ್ದೆ: ಪೇಪರಿನಲ್ಲಿ ಬಂದ ನಿನ್ನ ಹಾರ ಹಾಕಿದ ಫೋಟೊವನ್ನು ಅವ್ವ ಕತ್ತರಿಸಿ ಗೋಡೆಗೆ ಅಂಟಿಸಿದ್ದಾಳೆ. ನಿನ್ನ ಭುಜದ ಹಿಂದೆ, ಜನರ ನಡುವೆ ಒಂದು ಟಂಟಂ ಕಾಣುತ್ತದೆ. ಅದರಿಂದ ಎರಡು ಕಾಲು ಹೊರಗೆ ಚಾಚಿವೆ. "ಯಾರ ಕಾಲಬೇ ಇವು?" ಅಂತ ಕೇಳಿದಳು. ನಿನ್ನ ಮಗನ್ನ ಕೇಳು ಅಂದಿದ್ದೇನೆ.